ಜ್ಯೂರಿ ಕಟಕಟೆಯಿಂದ ಮನೆಗೆ ಹೋದವರು

ಸಿಡ್ನಿ ಲ್ಯೂಮೆಟ್‌ನ ‘ಟ್ವೆಲ್ವ್ ಆಂಗ್ರಿ ಮೆನ್’ (1957) ನೋಡಿದವರಿಗೆಲ್ಲ ಅಮೆರಿಕದ ಜ್ಯೂರಿ ಎಂದರೆ ಸೆಕೆಯಲ್ಲಿ ಬೆವರುತ್ತಾ ವಾದಕ್ಕಿಳಿದ ಹನ್ನೆರಡು ಗಂಡಸರು. ಒಬ್ಬನ ಅನುಮಾನ ಉಳಿದ ಹನ್ನೊಂದು ಜನರ ಮನಸ್ಸು ತಿರುಗಿಸುತ್ತದೆ. ಒಳ್ಳೆಯ ಸಿನಿಮಾ, ನನಗೂ ಇಷ್ಟ. ಆದರೆ ಅದು ಶುರುವಾಗುವ ಹೊತ್ತಿಗೆ ವಿಚಾರಣೆಯೇ ಮುಗಿದಿರುತ್ತದೆ. ಆ ಹನ್ನೆರಡೂ ಮಂದಿ ಬಿಳಿಯರೇ ಆದದ್ದು ಹೇಗೆ, ಅವರನ್ನು ಕೂರಿಸುವ ಮುಂಚೆ ಯಾರನ್ನೆಲ್ಲ ವಾಪಸು ಕಳಿಸಿದರು ಎಂದು ಸಿನಿಮಾ ಕೇಳುವುದಿಲ್ಲ. ಈ ಪದ್ಧತಿಯ ದೊಡ್ಡ ಹುಳುಕು ಇರುವುದು ಅಲ್ಲೇ.

ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಗಳಿಂದ ಚೀಟಿ ಎತ್ತಿದ ಹಾಗೆ ಹೆಸರು ಆರಿಸಿ ಸಮನ್ಸ್ ಕಳಿಸುತ್ತಾರೆ. ಗ್ರೀನ್ ಕಾರ್ಡ್ ಇದ್ದರೆ ಸಾಲದು, ಸಿಟಿಜನ್ ಆಗಿರಬೇಕು. ಪೌರತ್ವ ಪಡೆದ ಕನ್ನಡಿಗರ ಮನೆಗೂ ಈ ಲಕೋಟೆ ಬರುತ್ತದೆ. ತಪ್ಪಿಸಿಕೊಳ್ಳುವ ದಾರಿ ಹುಡುಕುವುದರಲ್ಲಿ ನಮ್ಮವರೇನೂ ಹಿಂದೆ ಬಿದ್ದಿರಲಾರರು. ಫೆಡರಲ್ ಕೋರ್ಟು ಕೊಡುವ ಭತ್ಯೆ ದಿನಕ್ಕೆ 50 ಡಾಲರ್. ಗಂಟೆ ಲೆಕ್ಕದಲ್ಲಿ ದುಡಿಯುವವನು ವಾರಗಟ್ಟಲೆ ಹೇಗೆ ಕೂತಾನು? ಕಷ್ಟ ಹೇಳಿಕೊಂಡು ಬಿಡುಗಡೆ ಪಡೆಯುತ್ತಾನೆ.

ಉಳಿದವರನ್ನು ನ್ಯಾಯಾಧೀಶರೂ ವಕೀಲರೂ ಪ್ರಶ್ನಿಸುತ್ತಾರೆ. ಆರೋಪಿಯ ನೆಂಟ, ಮೊದಲೇ ತೀರ್ಮಾನ ಮಾಡಿಕೊಂಡು ಬಂದವನು, ಇಂಥವರನ್ನು ಕಾರಣ ಹೇಳಿ ಕೈಬಿಡುವುದು ಸರಿಯೇ. ಇದರ ಮೇಲೆ ಎರಡೂ ಕಡೆಯವರಿಗೆ ಕಾರಣ ಹೇಳದೆಯೇ ಕೆಲವರನ್ನು ತೆಗೆದುಹಾಕುವ ಹಕ್ಕಿದೆ. ಫೆಡರಲ್ ಕೋರ್ಟಿನಲ್ಲಿ ಮರಣದಂಡನೆಯಿಲ್ಲದ ಗಂಭೀರ ಅಪರಾಧವಾದರೆ ಪ್ರಾಸಿಕ್ಯೂಟರ್ ಆರು ಮಂದಿಯನ್ನು, ಆರೋಪಿಯ ಕಡೆಯವರು ಹತ್ತು ಮಂದಿಯನ್ನು ಹೀಗೆ ಕಳಿಸಬಹುದು. ಬಣ್ಣ ನೋಡಿ ತೆಗೆಯಕೂಡದೆಂದು ಸುಪ್ರೀಂ ಕೋರ್ಟು 1986ರ ಬ್ಯಾಟ್ಸನ್ ಪ್ರಕರಣದಲ್ಲಿ ಹೇಳಿತು. ಆಕ್ಷೇಪಣೆ ಬಂದರೆ ಬೇರೊಂದು ಕಾರಣ ಕೊಡಬೇಕು, ಅಷ್ಟೆ. ಕಾರಣಕ್ಕೇನು ಬರ? ಕಣ್ಣು ಕೊಟ್ಟು ಮಾತಾಡಲಿಲ್ಲ ಎಂದರೂ ನಡೆಯಿತು.

ಜಾರ್ಜಿಯಾದಲ್ಲಿ 1987ರಲ್ಲಿ ಟಿಮೊಥಿ ಫಾಸ್ಟರ್ ಎಂಬ ಕಪ್ಪು ಯುವಕನಿಗೆ ಮರಣದಂಡನೆ ಕೊಟ್ಟ ಜ್ಯೂರಿ ಪೂರ್ತಿ ಬಿಳಿಯರದು. ಎಷ್ಟೋ ವರ್ಷಗಳ ನಂತರ ಪ್ರಾಸಿಕ್ಯೂಷನ್‌ನ ಕಡತ ಹೊರಬಿತ್ತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರಿಗೆಲ್ಲ ಹಸಿರು ಬಣ್ಣ ಬಳಿದು, ಪಕ್ಕದಲ್ಲಿ ‘ಬಿ’ ಅಕ್ಷರ ಬರೆದಿದ್ದರು. 2016ರಲ್ಲಿ ಶಿಕ್ಷೆ ರದ್ದಾಯಿತು. ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್‌ನದು ಇನ್ನೂ ವಿಚಿತ್ರ. ಒಂದೇ ಆರೋಪಕ್ಕೆ ಒಬ್ಬನೇ ಪ್ರಾಸಿಕ್ಯೂಟರ್ ಅವನನ್ನು ಆರು ಸಲ ವಿಚಾರಣೆಗೆ ನಿಲ್ಲಿಸಿದ. ತೆಗೆಯಲು ಅವಕಾಶವಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ಮನೆಗೆ ಕಳಿಸಿದ. ಆರನೆಯ ಸಲ, ಹೀಗೆ ತೆಗೆದುಹಾಕಿದ ಐವರು ಕಪ್ಪು ಜನರಿಗೆ ಕೇಳಿದ್ದು ಒಟ್ಟು 145 ಪ್ರಶ್ನೆ. ಜ್ಯೂರಿಯಲ್ಲಿ ಕೂತ ಹನ್ನೊಂದು ಬಿಳಿಯರಿಗೆ ಎಲ್ಲ ಸೇರಿ ಹನ್ನೆರಡು. ಹೆಚ್ಚು ಕೇಳಿದಷ್ಟೂ ತಪ್ಪು ಹುಡುಕುವುದು ಸಲೀಸು. ಸುಪ್ರೀಂ ಕೋರ್ಟು 2019ರಲ್ಲಿ ಆ ಆರನೆಯ ಜ್ಯೂರಿಯ ‘ಅಪರಾಧಿ’ ತೀರ್ಪನ್ನು ತಳ್ಳಿಹಾಕಿತು, ಮರುವರ್ಷ ಕೇಸೇ ಬಿದ್ದುಹೋಯಿತು. ಅಷ್ಟರಲ್ಲಿ ಅವನ ಆಯುಷ್ಯದ ಇಪ್ಪತ್ತಕ್ಕೂ ಹೆಚ್ಚು ವರ್ಷ ಜೈಲಿನಲ್ಲಿ ಕಳೆದಿತ್ತು.

ಕಾನೂನು ಓದದವರಿಗೆ ಸಾಕ್ಷ್ಯ ತೂಗಲು ಬರುತ್ತದೆಯೇ ಎಂಬುದು ಹಳೆಯ ಆಕ್ಷೇಪ. 1966ರಲ್ಲಿ ಪ್ರಕಟವಾದ ಕಾಲ್ವೆನ್ ಮತ್ತು ಜೈಸೆಲ್‌ರ ಅಧ್ಯಯನದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕೇಸುಗಳಲ್ಲಿ ಜ್ಯೂರಿಯ ತೀರ್ಮಾನಕ್ಕೆ ನ್ಯಾಯಾಧೀಶರ ಒಪ್ಪಿಗೆಯಿತ್ತು. ನಮ್ಮಲ್ಲಿ ಜ್ಯೂರಿಯ ಮಾತೆತ್ತಿದರೆ ಸಾಕು, ಕೊಲೆ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯ ಕೇಸು ಬರುತ್ತದೆ: 1959ರಲ್ಲಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದ ಬೊಂಬಾಯಿಯ ಜ್ಯೂರಿ, ಅದನ್ನು ಒಪ್ಪದ ಹೈಕೋರ್ಟು. ಪತ್ರಿಕೆಗಳ ಅಬ್ಬರಕ್ಕೆ ಜನ ಮರುಳಾದರು ಎಂದು ಷರಾ ಬರೆದು ಮುಗಿಸುತ್ತೇವೆ. ನನ್ನ ಮಟ್ಟಿಗೆ ಅದೇ ಊರಿನ 1908ರ ತಿಲಕರ ರಾಜದ್ರೋಹದ ವಿಚಾರಣೆ ಇದಕ್ಕಿಂತ ಹೆಚ್ಚು ಹೇಳುತ್ತದೆ. ಆರೋಪಕ್ಕೆ ಕಾರಣವಾದ ಲೇಖನಗಳಿದ್ದದ್ದು ಮರಾಠಿಯಲ್ಲಿ, ಜ್ಯೂರಿಯ ಮುಂದಿಟ್ಟದ್ದು ಇಂಗ್ಲಿಷ್ ಅನುವಾದ. ಏಳು ಯುರೋಪಿಯನ್ನರು ಅಪರಾಧಿ ಎಂದರು, ಇಬ್ಬರು ಭಾರತೀಯರು ಅಲ್ಲ ಎಂದರು. ತಿಲಕರು ಆರು ವರ್ಷಕ್ಕೆ ಮಂಡಾಲೆಗೆ ಹೋದರು. ದಿನಗಟ್ಟಲೆ ಅವರೇ ನಿಂತು ವಾದಿಸಿದ್ದು ಆ ಏಳು ಕುರ್ಚಿಗಳನ್ನು ಅಲುಗಿಸಲಿಲ್ಲ.

ಇಂಗ್ಲೆಂಡ್ 1988ರ ಕಾಯ್ದೆಯಲ್ಲಿ ಕಾರಣ ಹೇಳದೆ ಜ್ಯೂರರ್‌ನನ್ನು ತೆಗೆಯುವ ಹಕ್ಕನ್ನು ಆರೋಪಿಯ ಕೈಯಿಂದ ಕಿತ್ತುಹಾಕಿತು. ಅರಿಜೋನಾ 2022ರಿಂದ ಎರಡೂ ಕಡೆಯವರಿಗೆ ಇಲ್ಲವೆಂದಿತು. ದ್ವೇಷ ಇಟ್ಟುಕೊಂಡೂ ನಯವಾಗಿ ಉತ್ತರಿಸುವ ಜ್ಯೂರರ್‌ನನ್ನು ತೆಗೆಯಲು ಆರೋಪಿಗೆ ಇದ್ದ ಗುರಾಣಿಯೂ ಹೋಯಿತಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೂ ನನಗೆ ಅರಿಜೋನಾದ ದಾರಿಯೇ ಮೇಲೆನಿಸುತ್ತದೆ, ಒಂದು ಷರತ್ತಿನೊಂದಿಗೆ: ಪಕ್ಷಪಾತದ ಅನುಮಾನ ನ್ಯಾಯವಾಗಿ ಬಂದಾಗ ‘ನೀವು ನಿಷ್ಪಕ್ಷಪಾತವಾಗಿ ಇರಬಲ್ಲಿರಾ’ ಎಂದು ಕೇಳಿ, ‘ಹೌದು’ ಎಂದೊಡನೆ ಕೂರಿಸಿಬಿಡುವ ಚಾಳಿಯನ್ನು ನ್ಯಾಯಾಧೀಶರು ಬಿಡಬೇಕು. ಭತ್ಯೆಯನ್ನೂ ಒಂದು ದಿನದ ಸಂಬಳದಷ್ಟಕ್ಕೆ ಏರಿಸಬೇಕು. ಇಲ್ಲವಾದರೆ ವಕೀಲ ಬೆರಳು ತೋರಿಸುವ ಮುಂಚೆಯೇ ಹೊಟ್ಟೆಪಾಡು ಅರ್ಧ ಜನರನ್ನು ಮನೆಗೆ ಕಳಿಸಿರುತ್ತದೆ.