ಬಿಡುವು ಯಾರ ಪಾಲಿಗೆ? ‘ಪ್ರಭುವಿನ ದಿನ’ ಪತ್ರದ ಮರುಓದು

ಜಗದ್ಗುರು ಸಂತ ಎರಡನೆಯ ಜಾನ್ ಪಾಲರು 1998ರ ಪಂಚಾಶತ್ತಮ ಹಬ್ಬದಂದು ಹೊರಡಿಸಿದ ‘ದಿಯೆಸ್ ದೋಮಿನಿ’, ಅರ್ಥಾತ್ ‘ಪ್ರಭುವಿನ ದಿನ’ ಎಂಬ ಪ್ರೇಷಿತ ಪತ್ರವನ್ನು ನಮ್ಮ ಪ್ರಬೋಧನೆಗಳಲ್ಲಿ ನೆನೆಯುವುದು ಹೆಚ್ಚಾಗಿ ಪೂಜೆಗೆ ಬಾರದವರನ್ನು ಎಚ್ಚರಿಸುವುದಕ್ಕೆ. ಇದು ಆ ಪತ್ರಕ್ಕೆ ಮಾಡುವ ಅನ್ಯಾಯ. ಐದು ಅಧ್ಯಾಯಗಳ ಪತ್ರದಲ್ಲಿ ನಾಲ್ಕನೆಯದರ ಹೆಸರೇ ‘ಮನುಷ್ಯನ ದಿನ’. ಭಾನುವಾರವು ಆನಂದದ, ವಿಶ್ರಾಂತಿಯ, ಪರಸ್ಪರ ಹೊಣೆಗಾರಿಕೆಯ ದಿನವೆಂದು ಅಲ್ಲಿ ವಾದಿಸಲಾಗಿದೆ. ಮಾಲ್‌ಗಳೂ ಜವಳಿ ಅಂಗಡಿಗಳೂ ಭಾನುವಾರವೇ ಕಿಕ್ಕಿರಿಯುವ ಈ ಕಾಲದಲ್ಲಿ ಆ ಅಧ್ಯಾಯವನ್ನು ಮತ್ತೆ ತೆರೆಯಬೇಕಾಗಿದೆ. ತಲೆಬಾಗಿ ಮಾತ್ರವಲ್ಲ, ಪ್ರಶ್ನಿಸುತ್ತಲೂ ಓದಬೇಕಾಗಿದೆ.

‘ವಾರಾಂತ್ಯ’ಕ್ಕೂ ಭಾನುವಾರಕ್ಕೂ ಇರುವ ಭೇದವನ್ನು ಗುರುತಿಸಿರುವುದು ಪತ್ರದ ದೊಡ್ಡ ಒಳನೋಟ. ನಾನು ಅದನ್ನು ಅರ್ಥೈಸಿಕೊಳ್ಳುವುದು ಹೀಗೆ: ವಾರಾಂತ್ಯವೆಂಬುದು ದಣಿದವನೊಬ್ಬನ ಬಿಡುವು, ಭಾನುವಾರವಾದರೋ ಕೂಡಿ ಬಾಳುವವರು ಕೂಡಿಯೇ ಪಡೆಯುವ ಬಿಡುವು. ಇದನ್ನು ನಮ್ಮ ಕಾನೂನಿನ ಪಕ್ಕದಲ್ಲಿಟ್ಟು ನೋಡಿ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ಪ್ರತಿ ನೌಕರನಿಗೂ ವಾರಕ್ಕೊಂದು ಪೂರ್ಣ ದಿನದ ರಜೆ ಕೊಡಬೇಕೆನ್ನುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿಗಳು ಎಲ್ಲ ದಿನವೂ, ದಿನದ 24 ಗಂಟೆಯೂ ತೆರೆದಿರಬಹುದೆಂದು 2021ರಲ್ಲಿ ಸರ್ಕಾರ ಮೂರು ವರ್ಷಗಳ ಮಟ್ಟಿಗೆ ಅನುಮತಿ ನೀಡಿದಾಗಲೂ, ಸರದಿಯಂತೆ ವಾರದ ರಜೆ ಕೊಡಬೇಕೆಂಬ ಷರತ್ತನ್ನು ಕೈಬಿಡಲಿಲ್ಲ. ಲೆಕ್ಕದಲ್ಲಿ ಕೊರತೆಯಿಲ್ಲ. ಆದರೆ ಸೀರೆ ಅಂಗಡಿಯಲ್ಲಿ ದುಡಿಯುವ ತಾಯಿಗೆ ಮಂಗಳವಾರ ರಜೆ, ಕಾವಲುಗಾರನಾದ ತಂದೆಗೆ ಗುರುವಾರ, ಮಕ್ಕಳಿಗೆ ಭಾನುವಾರ. ಒಬ್ಬೊಬ್ಬರಿಗೂ ವಿಶ್ರಾಂತಿ ದೊರೆಯಿತು, ಮನೆಗೆ ದೊರೆಯಲಿಲ್ಲ. ಮಂಗಳವಾರ ಆಕೆ ವಾರದ ಬಟ್ಟೆ ಒಗೆದು, ಪಡಿತರ ತರಲು ಹೊರಟವಳು ಬೀಗ ಹಾಕಿದ ದೇವಾಲಯಕ್ಕೆ ಹೊರಗಿನಿಂದಲೇ ಕೈಮುಗಿದು ಹೋಗುತ್ತಾಳೆ.

ಇಲ್ಲಿಯೇ ಪತ್ರದ ಮಿತಿಯೂ ಕಾಣುತ್ತದೆ. ಭಾನುವಾರವನ್ನು ಪಾವನವಾಗಿ ಆಚರಿಸುವ ಕರ್ತವ್ಯವನ್ನು ನಾಡಿನ ಕಾನೂನು ಗೌರವಿಸುವಂತೆ ಕ್ರೈಸ್ತರು ಶ್ರಮಿಸಬೇಕೆಂದು ಅದು ಬಯಸುತ್ತದೆ. ಜರ್ಮನಿಯಲ್ಲಿ ಈ ಮಾತಿಗೆ ನೆಲೆಯಿದೆ. ಅಲ್ಲಿನ ಸಂವಿಧಾನವೇ ಭಾನುವಾರವನ್ನು ರಕ್ಷಿಸುತ್ತದೆ. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕೂ ಭಾನುವಾರಗಳಲ್ಲಿ ಅಂಗಡಿ ತೆರೆಯಲು ಬರ್ಲಿನ್ ಅವಕಾಶ ಕೊಟ್ಟಾಗ, ಕಥೋಲಿಕ ಹಾಗೂ ಪ್ರೊಟೆಸ್ಟೆಂಟ್ ಸಭೆಗಳು ಸಂವಿಧಾನ ನ್ಯಾಯಾಲಯದ ಮೊರೆಹೊಕ್ಕು 2009ರ ಡಿಸೆಂಬರಿನಲ್ಲಿ ತಮ್ಮ ಪರ ತೀರ್ಪು ಪಡೆದವು. ನಮಗೆ ಆ ದಾರಿಯಿಲ್ಲ. ಇರಬೇಕೆಂದು ನಾನು ಬಯಸುವುದೂ ಇಲ್ಲ. ನಮ್ಮ ಪೂಜೆಗಾಗಿ ನೆರೆಯವರ ಅಂಗಡಿ ಮುಚ್ಚಿಸುವುದು ಶುಭಸಂದೇಶದ ಕೆಲಸವಲ್ಲ. ಹಲವು ಧರ್ಮಗಳ ನಾಡಿನಲ್ಲಿ ಕಿರಿಯ ಸಮುದಾಯವೊಂದು ಏನು ಮಾಡಬೇಕೆಂಬ ಪ್ರಶ್ನೆಗೆ ಪತ್ರ ಕೊಡುವ ಉತ್ತರ ತೆಳುವಾದುದು. ಆದರೂ ಉತ್ತರದ ಬೀಜವೊಂದು ಅದರಲ್ಲಿದೆ: ಮೊದಲ ಶತಮಾನಗಳ ಕ್ರೈಸ್ತರಿಗೆ ಭಾನುವಾರ ಪೂಜೆಯ ದಿನವಾಗಿತ್ತೇ ಹೊರತು ಬಿಡುವಿನ ದಿನವಾಗಿರಲಿಲ್ಲವೆಂದು ಅದು ನೆನಪಿಸುತ್ತದೆ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಆಜ್ಞೆ ಬರುವ ತನಕ ದುಡಿಮೆಯ ದಿನದ ನಡುವೆಯೇ ಅವರು ಕೂಡುತ್ತಿದ್ದರು. ಅವರಲ್ಲಿ ದಾಸರೂ ಇದ್ದರು.

ನಮ್ಮ ದೇಶದ ಭಾನುವಾರದ ರಜೆಯೂ ಕೇವಲ ಆಂಗ್ಲರ ದೇವಾಲಯದ ಗಂಟೆಯಿಂದ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಅದು ದೊರೆತದ್ದು ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ; 1890ರ ಜೂನ್ ತಿಂಗಳಲ್ಲಿ ಗಿರಣಿ ಮಾಲೀಕರು ಒಪ್ಪಿದರು. ಲೋಖಂಡೆಯವರು ಕ್ರೈಸ್ತರಲ್ಲ. ಅದರ ಮರುವರ್ಷವೇ ಹದಿಮೂರನೆಯ ಲಿಯೋ ಜಗದ್ಗುರುಗಳು ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಕಾರ್ಮಿಕರ ವಿಶ್ರಾಂತಿಯ ಪರವಾಗಿ ದನಿಯೆತ್ತಿದರು. ಭಾನುವಾರವನ್ನು ಯಾವ ಮಾತಿನಲ್ಲಿ ಕೇಳಬೇಕೆಂಬುದು ನಮಗೆ ಇಲ್ಲಿ ತಿಳಿಯುತ್ತದೆ. ಧರ್ಮದ ಸವಲತ್ತಾಗಿ ಅಲ್ಲ, ದುಡಿಯುವವರ ನೋಯುವ ಕಾಲುಗಳ ಪರವಾಗಿ. ಅಂಗಡಿ ನೌಕರರಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾದಲ್ಲಿ ವಿಶ್ರಾಂತಿಯ ದೈವಶಾಸ್ತ್ರ ಎಲ್ಲಿಂದ ಆರಂಭವಾಗಬೇಕು?

ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಿಂದ ಎಂದು ನನಗನಿಸುತ್ತದೆ. ವಿಮೋಚನಕಾಂಡವು ಸಬ್ಬತ್ತಿಗೆ ಸೃಷ್ಟಿಕರ್ತನ ವಿಶ್ರಾಂತಿಯನ್ನು ಕಾರಣವಾಗಿ ಕೊಟ್ಟರೆ, ಇಲ್ಲಿ ಕಾರಣ ಬೇರೆ: ಈಜಿಪ್ಟಿನಲ್ಲಿ ನೀವೂ ದಾಸರಾಗಿದ್ದಿರಿ, ಆದ್ದರಿಂದ ನಿಮ್ಮ ದಾಸದಾಸಿಯರೂ ನಿಮ್ಮಂತೆಯೇ ವಿಶ್ರಮಿಸಲಿ. ಪತ್ರ ಇದನ್ನು ಪ್ರಸ್ತಾಪಿಸುತ್ತದೆಯಾದರೂ ಸೃಷ್ಟಿಯ ಕಥೆಯ ಬಳಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ. (ಆ ವಚನದ ಪಟ್ಟಿಯಲ್ಲಿ ಮಗ, ಮಗಳು, ಎತ್ತು, ಕತ್ತೆ, ಪರದೇಶಿ ಎಲ್ಲರೂ ಇದ್ದಾರೆ, ಹೆಂಡತಿಯ ಹೆಸರಿಲ್ಲ. ಭಾನುವಾರ ಮಧ್ಯಾಹ್ನದ ನಮ್ಮ ಅಡುಗೆಮನೆಗಳು ನೆನಪಾಗುತ್ತವೆ.)

ಪೂಜೆ ಮುಗಿಸಿ ಸಂಸಾರ ಸಮೇತ ಮಾಲ್‌ಗೆ ಹೋಗುವ ನೀವು ಅಲ್ಲಿ ಬಟ್ಟೆ ಮಡಿಸುತ್ತ ನಿಂತಿರುವ ಹುಡುಗಿಯನ್ನು ಗಮನಿಸಿದ್ದೀರಾ? ಆಕೆ ನಿಮ್ಮ ಧರ್ಮಕೇಂದ್ರದವಳೇ ಇರಬಹುದು. ಅದೇ ಖರೀದಿಯನ್ನು ಶನಿವಾರ ಮುಗಿಸಿದರೆ ಅಂಗಡಿ ಮುಚ್ಚದು, ನಿಜ. ಭಾನುವಾರದ ಜನಜಂಗುಳಿಗೆ ನಮ್ಮ ಪಾಲು ಸೇರದು, ಅಷ್ಟೇ. ಯಾಜಕರಾದ ನಮ್ಮ ಪಾಲಿಗೂ ಒಂದು ಮಾತಿದೆ. ಬೆಳಿಗ್ಗೆ ಎಂಟೂವರೆಯ ಪೂಜೆ, ನಂತರ ಧರ್ಮೋಪದೇಶ, ಬಳಿಕ ಸಂಘಗಳ ಸಭೆ: ಈ ವೇಳಾಪಟ್ಟಿಯು ಭಾನುವಾರ ರಜೆಯಿರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಶನಿವಾರ ಸಂಜೆಯ ಬಲಿಪೂಜೆಯಿಂದಲೂ ಭಾನುವಾರದ ಕರ್ತವ್ಯ ಪೂರ್ಣವಾಗುತ್ತದೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಆದರೆ ಅಂಗಡಿಯವರಿಗೆ ಶನಿವಾರ ಸಂಜೆಯೂ ಬಿಡುವಿಲ್ಲ. ಅವರಿಗಾಗಿ ಭಾನುವಾರ ನಸುಕಿನ ಐದೂವರೆಗೆ ಒಂದು ಪೂಜೆಯನ್ನು ಇಡಲಾದೀತೇ ಎಂದು ನಿಮ್ಮ ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಕೇಳಿರಿ.