ಅಂಗೈಯಗಲದ ವಿಜಯಂತ

ವಿಜಯಂತ ಟ್ಯಾಂಕಿನ ತೋಪಿನ ನಳಿಗೆಯ ಒಳವ್ಯಾಸ 105 ಮಿ.ಮೀ. ಮಾದರಿಗಾಗಿ 1:35ರ ಅಳತೆಗೆ ಇಳಿಸಿದರೆ ಸರಿಯಾಗಿ 3 ಮಿ.ಮೀ. ಅದರ ಪಕ್ಕದ, ಗುರಿಯ ದೂರ ಅಳೆಯುವ 12.7 ಮಿ.ಮೀ. ಮೆಷಿನ್‌ಗನ್ನಿಗೆ ಇಂಜೆಕ್ಷನ್ ಸೂಜಿಯ ತುಂಡು ಸಾಕು. ನಮ್ಮೂರು ತಳಕಿನ ಮನೆಯ ಪಡಸಾಲೆಯಲ್ಲಿ ಕೂತು ಈ ಲೆಕ್ಕ ಹಾಕುವುದರಲ್ಲೇ ಒಂದು ಸುಖವಿದೆ.

ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸದ ಈ ಟ್ಯಾಂಕು 1965ರಿಂದ ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಾಯಿತು. ಒಳಗೆ ನಾಲ್ವರು. ಮೂವರು ಮೇಲಿನ ಗೋಪುರದಲ್ಲಿ. ಚಾಲಕ ಮಾತ್ರ ಮುಂದೆ, ಬಲಗಡೆಯ ಗೂಡಿನಲ್ಲಿ. ಸೇನೆಯಲ್ಲಿದ್ದಾಗ ಅದೇ ನನ್ನ ಜಾಗವಾಗಿತ್ತು. ಹಾಗಾಗಿ ಮಾದರಿಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಹೆಬ್ಬೆರಳ ಉಗುರಿನಷ್ಟಗಲದ ಆ ಮುಚ್ಚಳವೇ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಚನ್ನು ಮರಳುಕಾಗದದಲ್ಲಿ ಉಜ್ಜಿ, ತಾಮ್ರದ ಎಳೆ ಬಗ್ಗಿಸಿ ಹಿಡಿಕೆ ಕೂರಿಸಬೇಕು. ಕೈ ಮರೆತಿರುವುದಿಲ್ಲ, ಹಿಡಿಕೆ ಎಲ್ಲಿರಬೇಕೆಂದು ಫೋಟೊ ನೋಡದೆಯೇ ಗೊತ್ತಾಗುತ್ತದೆ.

ಕಾರ್ಖಾನೆಯಿಂದ ಆಗಷ್ಟೇ ಹೊರಬಂದಂತೆ ಮಿರುಗುವ ಮಾದರಿಗಳು ನನಗೆ ಸೇರುವುದಿಲ್ಲ. ದುಡಿದ ಗಾಡಿಯ ಮೈಮೇಲೆ ಗೀರು, ತಗ್ಗು, ಎಣ್ಣೆ ಕಲೆ, ಹಿಂದೆ ಕಟ್ಟಿದ ಟಾರ್ಪಾಲು ಇರಲೇಬೇಕು. ಧೂಳಿಗೆ ನಮ್ಮ ಚಳ್ಳಕೆರೆ ಸೀಮೆಯ ಕೆಮ್ಮಣ್ಣು ಒಗ್ಗದು. ಈ ಗಾಡಿ ಓಡಾಡಿದ ರಾಜಸ್ಥಾನದ ಧೂಳೇ ಬೇರೆ. ಚಾಕ್‌ಪುಡಿಗೆ ಚೂರು ಕಂದು ಬೆರೆಸಿ, ವಸ್ತ್ರಗಾಳಿ ಮಾಡಿ, ಕುಂಚದ ತುದಿಯಿಂದ ಚಕ್ರಗಳ ಸಂದಿಗೆ ಕೂರಿಸಿದಾಗಲೇ ಕಣ್ಣು ಒಪ್ಪುವುದು.

ಒಂದೊಂದು ಬದಿಗೆ ಆರು ಚಕ್ರ. ಅವುಗಳ ಸುತ್ತಲಿನ ಸರಪಳಿ ಮೇಲ್ಗಡೆ ತುಸು ಜೋತುಬೀಳಬೇಕು. ಬಿಗಿಯಾದರೆ ಆಟಿಕೆ ಆಗಿಬಿಡುತ್ತದೆ. ಅಂಟು ಒಣಗುವ ಮೊದಲೇ ಪುಟ್ಟ ರೋಲರುಗಳ ನಡುವೆ ಕೊಂಡಿಗಳನ್ನು ಚಿಮಟದಿಂದ ಮೆಲ್ಲಗೆ ಅದುಮಿದರೆ ಆ ಜೋಲು ಸರಿಯಾಗಿ ಬರುತ್ತದೆ.