ಸೊಗಸಾದ ವಿವರಣೆ, ಸಾಲದ ಪುರಾವೆ: ಭುಜನೋವಿನ ಚಿಕಿತ್ಸೆ - ಒಂದು ವಿಮರ್ಶೆ

ಅಂಗಿಯ ತೋಳಿಗೆ ಕೈ ತೂರಿಸುವಾಗ, ಅಟ್ಟದ ಮೇಲಿನ ಡಬ್ಬಿ ಇಳಿಸುವಾಗ ಅಥವಾ ರಾತ್ರಿ ಆ ಮಗ್ಗುಲಿಗೆ ಹೊರಳಿದಾಗ ನಿಮ್ಮ ಭುಜದಲ್ಲಿ ಚಳಕ್ಕೆಂದು ನೋವು ಬರುತ್ತಿದೆಯೆ? ನಲವತ್ತು ದಾಟಿದವರಲ್ಲಿ ಇದು ಬಲು ಸಾಮಾನ್ಯ. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಕೈ ಎತ್ತಿ ಬರೆದ ನನಗೂ ಬಂತು. ಎಂಆರ್‌ಐ ಚಿತ್ರದಲ್ಲಿ ಸ್ನಾಯುರಜ್ಜು ಭಾಗಶಃ ಹರಿದಿರುವುದು ಕಂಡಿತು. "ಮೇಲಿನ ಎಲುಬು ಉಜ್ಜಿ ಹೀಗಾಗಿದೆ, ಅದನ್ನು ತುಸು ಹೆರೆದರೆ ಸರಿಹೋಗುತ್ತದೆ" ಎಂದರು ತಜ್ಞರು. ಭೌತಶಾಸ್ತ್ರ ಪಾಠ ಮಾಡುವ ನನಗೆ ಆ ಮಾತು ಕೂಡಲೇ ಒಪ್ಪಿಗೆಯಾಯಿತು. ಘರ್ಷಣೆಯಿಂದ ಸವೆತ, ಸವೆತದಿಂದ ನೋವು - ಎಷ್ಟು ಸ್ಪಷ್ಟ! ಅಷ್ಟು ಬೇಗ ಒಪ್ಪಿದ್ದೇ ತಪ್ಪು. ಆ ವಿವರಣೆಯನ್ನೂ ಅದು ಎದುರಿಸಿದ ಪರೀಕ್ಷೆಯನ್ನೂ ಇಲ್ಲಿ ಪರಿಶೀಲಿಸೋಣ.

ಭುಜವೆಂಬ ಸನ್ನೆ

ಶಾಲೆಯ ಕ್ರೀಡಾದಿನದ ನಿಂಬೆಹಣ್ಣು-ಚಮಚದ ಓಟವನ್ನು ನೆನಪಿಸಿಕೊಳ್ಳಿ. ಭುಜದ ಕೀಲೂ ಹಾಗೆಯೇ. ತೋಳೆಲುಬಿನ ದೊಡ್ಡ ಗುಂಡು, ಹೆಗಲೆಲುಬಿನ ಆಳವಿಲ್ಲದ ಕುಳಿ. ಗುಂಡು ಜಾರದಂತೆ ಹಿಡಿದಿಡುವಲ್ಲಿ ನಾಲ್ಕು ಸ್ನಾಯುಗಳ ರಜ್ಜುಗಳು ಸೇರಿ ಆದ ಪಟ್ಟಿಯ ಪಾತ್ರ ದೊಡ್ಡದು. ಇದೇ ರೋಟೇಟರ್ ಕಫ್. ಅದರ ಮೇಲೆ ಚಾವಣಿಯಂತೆ ಚಾಚಿಕೊಂಡಿರುವ ಎಲುಬು ಅಕ್ರೋಮಿಯಾನ್.

ಒಂದು ಸ್ಥೂಲ ಲೆಕ್ಕ ಮಾಡೋಣ. 60 ಕಿಲೋಗ್ರಾಂ ತೂಕದವರ ಒಂದು ತೋಳು ಸುಮಾರು 3 ಕಿಲೋಗ್ರಾಂ, ಅಂದರೆ 30 ನ್ಯೂಟನ್. ತೋಳನ್ನು ಅಡ್ಡಲಾಗಿ ಚಾಚಿದಾಗ ಅದರ ಗುರುತ್ವಕೇಂದ್ರ ಕೀಲಿನಿಂದ ಸುಮಾರು 30 ಸೆಂ.ಮೀ. ದೂರದಲ್ಲಿರುತ್ತದೆ. ಎತ್ತುವ ಸ್ನಾಯುಗಳು ಎಳೆಯುವುದು ಕೇವಲ 3 ಸೆಂ.ಮೀ. ದೂರದಿಂದ. ಹಾಗಾಗಿ ಸನ್ನೆಯ ನಿಯಮದಂತೆ ಅವು ಒದಗಿಸಬೇಕಾದ ಬಲ 300 ನ್ಯೂಟನ್, ಅಂದರೆ ದೇಹದ ಅರ್ಧ ತೂಕದಷ್ಟು! ಅಂಗೈಯಲ್ಲಿ ಒಂದು ಕಿಲೋ ಸಕ್ಕರೆ ಹಿಡಿದರೆ ಇನ್ನೂ ಸುಮಾರು 200 ನ್ಯೂಟನ್. ಮೊಣಕೈ ಮಡಿಸಿ ವಸ್ತುವನ್ನು ಮೈಗೆ ಹತ್ತಿರ ತಂದರೆ ಈ ಹೊರೆ ತಗ್ಗುತ್ತದೆ.

ಹೆರೆಯುವ ವಾದ

1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್, ತೋಳೆತ್ತಿದಾಗ ಅಕ್ರೋಮಿಯಾನಿನ ಮುಂಭಾಗ ರಜ್ಜುವನ್ನು ಉಜ್ಜುತ್ತದೆಂದು ವಾದಿಸಿ, ಅದರ ಕೆಳ ಅಂಚನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಮುಂದೆ ಸಣ್ಣ ರಂಧ್ರದಿಂದ ಕೀಲಿನೊಳಗೆ ನೋಡುವ ಆರ್ತ್ರೊಸ್ಕೋಪ್ ಬಂದು, ಈ ಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು. ಮಾಡಿಸಿಕೊಂಡವರಲ್ಲಿ ಹಲವರಿಗೆ ನೋವು ಇಳಿಯಿತು. ಆದರೆ ನೋವು ಇಳಿದದ್ದು ಎಲುಬು ಹೆರೆದದ್ದರಿಂದಲೆ?

ಅನುಮಾನಕ್ಕೆ ಕಾರಣವಿತ್ತು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭುಜನೋವೇ ಇಲ್ಲದ 96 ಜನರ ಎಂಆರ್‌ಐ ಚಿತ್ರ ತೆಗೆಯಿತು. ಶೇ. 34 ಮಂದಿಯಲ್ಲಿ ರಜ್ಜು ಪೂರ್ತಿ ಅಥವಾ ಭಾಗಶಃ ಹರಿದಿತ್ತು. ಅರವತ್ತು ಮೀರಿದವರಲ್ಲಿ ಈ ಪ್ರಮಾಣ ಶೇ. 54. ಅಂದರೆ ಅನೇಕರಲ್ಲಿ ಇದು ತಲೆಗೂದಲು ನರೆತಂತೆ, ವಯಸ್ಸಿನ ಗುರುತು. ಚಿತ್ರದಲ್ಲಿ ಕಂಡ ಹರಕೇ ನೋವಿನ ಮೂಲ ಎನ್ನಲಾಗದು.

ಪರೀಕ್ಷೆಯ ಕಣದಲ್ಲಿ

ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಪ್ರಯೋಗ ಈ ಪ್ರಶ್ನೆಯನ್ನು ನೇರವಾಗಿ ಕೇಳಿತು. ವ್ಯಾಯಾಮ, ಚುಚ್ಚುಮದ್ದುಗಳಿಂದ ಗುಣವಾಗದಿದ್ದ 313 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು. ಒಂದಕ್ಕೆ ಎಲುಬು ಹೆರೆಯುವ ಶಸ್ತ್ರಚಿಕಿತ್ಸೆ. ಎರಡನೆಯದಕ್ಕೆ ಆರ್ತ್ರೊಸ್ಕೋಪ್ ತೂರಿಸಿ ನೋಡಿದ್ದು ಮಾತ್ರ. ಮೂರನೆಯದಕ್ಕೆ ಏನೂ ಇಲ್ಲ. ಆರು ತಿಂಗಳ ಬಳಿಕ 48 ಅಂಕಗಳ ಮಾಪನದಲ್ಲಿ (ಹೆಚ್ಚು ಅಂಕವೆಂದರೆ ಉತ್ತಮ ಭುಜ) ಅವು ಕ್ರಮವಾಗಿ 32.7, 34.2 ಮತ್ತು 29.4 ಪಡೆದವು. ಹೆರೆದವರೂ ಬರಿದೆ ನೋಡಿಸಿಕೊಂಡವರೂ ಸಮಾನರೇ! ಮೂರನೆಯ ಗುಂಪಿಗಿಂತ ಅವರಿಬ್ಬರೂ ತುಸು ಮುಂದಿದ್ದರೂ, ರೋಗಿಯ ಬದುಕಿನಲ್ಲಿ ಎದ್ದು ಕಾಣುವಷ್ಟು ಅಂತರ ಅದಲ್ಲ.

ಈ ಪ್ರಯೋಗದಲ್ಲೂ ಕೊರತೆ ಇದೆ. 'ಬರಿದೆ ನೋಡುವ' ಗುಂಪಿನ ಶೇ. 42 ಮಂದಿಗೆ ಆರು ತಿಂಗಳೊಳಗೆ ಗೊತ್ತುಪಡಿಸಿದ ಕ್ರಮ ನಡೆದಿರಲಿಲ್ಲ. ಇದರಿಂದ ನಿಜವಾದ ಅಂತರ ಮಸುಕಾಗಿರಬಹುದೆಂಬ ಆಕ್ಷೇಪ ನ್ಯಾಯವಾದದ್ದೆ. ಆದರೆ 210 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಪ್ರಯೋಗದಲ್ಲಿ ಹೆರೆಯಬೇಕೆ ಬೇಡವೆ ಎಂಬ ಚೀಟಿ ತೆರೆದದ್ದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ. ಎರಡು ವರ್ಷಗಳ ನಂತರ ಅಲ್ಲಿಯೂ ಅದೇ ಉತ್ತರ ಬಂತು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು. 2019ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನ ತಜ್ಞರ ಮಂಡಳಿ ಇಂಥ ನೋವಿಗೆ ಈ ಶಸ್ತ್ರಚಿಕಿತ್ಸೆ ಬೇಡವೆಂದೇ ಬಲವಾಗಿ ಶಿಫಾರಸು ಮಾಡಿತು.

ಹಾಗೆಂದು ವ್ಯಾಯಾಮವನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. 708 ಜನರ ಮೇಲೆ ನಡೆದ 2021ರ ಬ್ರಿಟಿಷ್ ಪ್ರಯೋಗದಲ್ಲಿ, ಫಿಸಿಯೋಥೆರಪಿಸ್ಟರ ಬಳಿ ಹಲವು ಬಾರಿ ಹೋಗಿ ವ್ಯಾಯಾಮ ಕಲಿತವರೂ, ಒಂದೇ ಭೇಟಿಯಲ್ಲಿ ಸಲಹೆ ಪಡೆದು ಮನೆಯಲ್ಲೇ ಮಾಡಿಕೊಂಡವರೂ ವರ್ಷದ ಕೊನೆಗೆ ಒಂದೇ ಮಟ್ಟದಲ್ಲಿದ್ದರು. ಸ್ಟಿರಾಯ್ಡ್ ಚುಚ್ಚುಮದ್ದಿನ ಲಾಭ ಮೊದಲ ಕೆಲವು ವಾರಗಳಿಗಷ್ಟೇ ಸೀಮಿತ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು ರಕ್ತದ ಸಕ್ಕರೆಯನ್ನು ತಾತ್ಕಾಲಿಕವಾಗಿ ಏರಿಸುತ್ತದೆ ಎಂಬುದನ್ನೂ ಮರೆಯಬಾರದು.

ನೀವೇನು ಮಾಡಬೇಕು?

ಈ ತೀರ್ಪನ್ನು ಎಲ್ಲ ಭುಜಗಳಿಗೂ ಹೊಂದಿಸಬೇಡಿ. ರಜ್ಜು ಪೂರ್ತಿ ಹರಿದವರನ್ನು ಈ ಎರಡು ಶಸ್ತ್ರಚಿಕಿತ್ಸಾ ಪ್ರಯೋಗಗಳು ಹೊರಗಿಟ್ಟಿದ್ದವು. ಬಿದ್ದ ಪೆಟ್ಟಿಗೆ ತೋಳೆತ್ತುವ ಶಕ್ತಿಯೇ ಹೋದರೆ ತಡಮಾಡದೆ ಮೂಳೆ ತಜ್ಞರನ್ನು ಕಾಣಿ. ಅಂಥಲ್ಲಿ ಹೊಲಿಗೆ ಬೇಕಾಗಬಹುದು. ನಿಮ್ಮ ತೋಳನ್ನು ಬೇರೆಯವರು ಎತ್ತಿದರೂ, ಹೊರಕ್ಕೆ ತಿರುಗಿಸಿದರೂ ಅದು ಬಾರದಿದ್ದರೆ ಅದು ಬಹುಶಃ ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ನೋವು ಮೊಣಕೈ ದಾಟಿ ಬೆರಳುಗಳಲ್ಲಿ ಜೋಮು ಹಿಡಿದರೆ ಕತ್ತಿನ ನರಗಳತ್ತ ನೋಡಬೇಕು. ಎದೆ ಹಿಡಿದು ಬೆವರುತ್ತಾ ಭುಜ ನೋಯುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಇವನ್ನು ಬೇರ್ಪಡಿಸುವ ಮೊದಲ ಸಾಧನ ಎಂಆರ್‌ಐ ಅಲ್ಲ. ರೋಗಿಯ ಮಾತು ಮತ್ತು ವೈದ್ಯರ ಕೈ.

ಉಳಿದಂತೆ, ಚಿಕಿತ್ಸೆಗೆ ಒಪ್ಪುವ ಮುನ್ನ ಒಂದು ಪ್ರಶ್ನೆ ಕೇಳಿ: "ಇದನ್ನು ಮಾಡದೇ ಹೋದರೆ ಏನಾಗುತ್ತದೆ?" ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಮುನಿಯುವುದಿಲ್ಲ.

ನಾನು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿಲ್ಲ. ಎದೆಮಟ್ಟದಲ್ಲಿ ಬರೆಯುವುದನ್ನು ರೂಢಿಸಿಕೊಂಡು, ಹಗುರ ತೂಕದಿಂದ ದಿನಾ ವ್ಯಾಯಾಮ ಮಾಡಿದೆ. ಎಂಟು ತಿಂಗಳಲ್ಲಿ ನೋವು ಬಹುಪಾಲು ಇಳಿಯಿತು. ಇಳಿಸಿದ್ದು ವ್ಯಾಯಾಮವೋ, ಕಾಲವೋ? ನನ್ನೊಬ್ಬನ ಭುಜ ಅದಕ್ಕೆ ಉತ್ತರ ಹೇಳಲಾರದು. ಹೇಳುತ್ತದೆಂದು ನಂಬಿದರೆ, ನಾನು ಇಷ್ಟು ಹೊತ್ತು ತೋರಿಸಿದ ತಪ್ಪನ್ನು ನಾನೇ ಮಾಡಿದಂತೆ.